ಹೆಸರಿನ ಜಾಗದಲ್ಲಿ ಆರು ಪ್ರಶ್ನಾರ್ಥಕ

ನಿನ್ನೆ ಮೇಜಿನ ಖಾನೆ ಓರಣ ಮಾಡುವಾಗ ಕಟ್ಟಿಗೆಯ ಅಡಿಪಟ್ಟಿ ಸಿಕ್ಕಿತು. ಒಂದು ಅಂಚಿಗೆ ಇನ್ನೂ ನೀಲಿ ಶಾಯಿ. ಶಹಾಬಾದಿನ ಆಸ್ಪತ್ರೆಯೊಂದರಲ್ಲಿ ನಾನು ದಾಖಲೆ ವಿಭಾಗ ನೋಡಿಕೊಳ್ಳುತ್ತಿದ್ದಾಗ, ಎಲ್ಲರೂ ‘ಕಂಪ್ಯೂಟರ್ ಬಾಯಿ’ ಎಂದು ಕರೆಯುತ್ತಿದ್ದ ನಮ್ಮ ಟೈಪಿಂಗಿನ ಹೆಂಗಸು ರಿಜಿಸ್ಟರಿನ ಸಾಲಿನ ಕೆಳಗೆ ಇಟ್ಟು ಓದುತ್ತಿದ್ದ ಪಟ್ಟಿ ಅದು.

ಅವರ ಮೂಲ ಊರು ಆಡಕಿ. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವರು ಅವರೇ. ಪ್ರತಿ ಶನಿವಾರ ಹತ್ತಕ್ಕೆ ಸರಿಯಾಗಿ ತಾಳೆ ನೋಡುತ್ತಿದ್ದೆವು: ಅವರು ಕಾಗದ ನೋಡಿ ಹೆಸರು ಗಟ್ಟಿಯಾಗಿ ಓದುವುದು, ನಾನು ಪರದೆ ನೋಡಿ ಗುರುತು ಹಾಕುವುದು. ಮಕ್ಕಳ ವಾರ್ಡಿನ ಒಂದು ಪುಟವನ್ನು ಮಾತ್ರ ವಾರ ತಪ್ಪದೆ ಓದುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ…

ಹೊಸ ಕಂಪ್ಯೂಟರ್ ಬಂತು. ಮಾಹಿತಿಯನ್ನೆಲ್ಲ ಅದಕ್ಕೆ ಸಾಗಿಸಿ ತಪಾಸಣೆ ನಡೆಸಿದೆ. ಪ್ರತಿ ಕೋಷ್ಟಕದ ಮುಂದೆ ‘ಸರಿ ಇದೆ’ ಎಂದು ಬಂತು. ಸಾಲುಗಳ ಸಂಖ್ಯೆಯೂ ಕೂಡಿತು. ಹಳೆಯ ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿದೆ. ಧೂಳು ಹಿಡಿದ ರಿಜಿಸ್ಟರುಗಳನ್ನು ಅಂದೇ ರದ್ದಿಗೆ ಕಳಿಸಲು ಹೊರಟೆ.

“ಸಾಹೇಬ್ರ, ಹೆಸರು ಓದೋತನಕ ತಡೀರಿ. ಸಾಲು ಎಣಿಸಿದ್ರ ಮಂದಿ ಎಣಿಸಿದಂಗ ಅಲ್ರಿ.”

“ಮಶೀನೇ ಬರೋಬ್ಬರಿ ಅದ ಅಂದದಲ್ಲ, ಬಾಯಾರ.”

“ಮಶೀನ್ ಅಂದಿದ್ದಕ್ಕೆಲ್ಲ ಹೂಂ ಅಂತೀರಿ. ಮನ್ಯಾಗ ಹೆಂಡ್ತಿ ಮಾತಿಗಿ ಹಿಂಗ ಹೂಂ ಅಂತೀರೇನ್ರಿ?”

ನಗಿಸಿಯಾದರೂ ತಡೆಯಲು ನೋಡಿದ್ದರು. ನಾನು ನಕ್ಕೆ. ಗಾಡಿ ತುಂಬಿಸಿ ಕಳಿಸಿದೆ.

ಶನಿವಾರ ಪರದೆ ತೆರೆದರೆ ವಯಸ್ಸು, ದಿನಾಂಕ, ಹಾಸಿಗೆ ಸಂಖ್ಯೆ ಎಲ್ಲ ಇದ್ದವು. ಹೆಸರಿನ ಜಾಗದಲ್ಲಿ ಮಾತ್ರ ಸಾಲು ಸಾಲು ಪ್ರಶ್ನಾರ್ಥಕ. ಹೊಸ ಕೋಷ್ಟಕಗಳಿಗೆ ಕನ್ನಡ ಅಕ್ಷರ ಹಿಡಿಯುವ ಏರ್ಪಾಡನ್ನೇ ನಾನು ಮಾಡಿರಲಿಲ್ಲ. ಯಂತ್ರಕ್ಕೆ ಪ್ರಶ್ನಾರ್ಥಕವೂ ಒಂದು ಅಕ್ಷರವೇ. ಅದಕ್ಕೇ ‘ಸರಿ ಇದೆ’. ರಿಜಿಸ್ಟರುಗಳು ಅಷ್ಟರಲ್ಲಿ ರದ್ದಿಯವನ ಕೈದಾಟಿ ಕಾಗದದ ಗಿರಣಿ ಸೇರಿದ್ದವು.

ಅವರು ಅಡಿಪಟ್ಟಿಯನ್ನು ಪರದೆಗೇ ಹಿಡಿದು ಒಂದು ಸಾಲು ಹುಡುಕಿದರು. ಹೆಣ್ಣು, ಮೂರು ವರ್ಷ, ಹಾಸಿಗೆ ಒಂಬತ್ತು.

“ನನ್ನ ಮಗಳ್ರಿ. ಹನ್ನೊಂದು ದಿನ ಇಲ್ಲಿದ್ಳು… ಆಕಿ ಹೆಸರು ಬ್ಯಾರೆ ಎಲ್ಲೂ ಬರದಿಲ್ರಿ.”

“ಹೇಳ್ರಿ ಬಾಯಾರ, ಈಗೇ ಬರೀತೀನಿ.”

“ಆಕಿದು ಹೇಳ್ಲಿಕ್ಕಿ ನಾ ಇದ್ದೀನಿ. ಉಳದ ಕೂಸುಗಳ್ದು ಯಾರು ಹೇಳ್ತಾರ್ರಿ?”

ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು ಎದ್ದರು. ಮತ್ತೆ ಕೆಲಸಕ್ಕೆ ಬರಲಿಲ್ಲ.

ಹೋದ ತಿಂಗಳು ತೀರಿಕೊಂಡರಂತೆ. ಇವತ್ತು ಶನಿವಾರ. ಹತ್ತಕ್ಕೆ ಕುಳಿತು ಕಾಗದದ ಮೇಲೆ ಆರು ಪ್ರಶ್ನಾರ್ಥಕ ಬರೆದೆ. ಆ ಸಾಲಿನಲ್ಲಿ ಇದ್ದದ್ದು ಆರೇ, ಅಷ್ಟು ಚೆನ್ನಾಗಿ ನೆನಪಿದೆ. ಕೆಳಗೆ ಅಡಿಪಟ್ಟಿ ಇಟ್ಟೆ. ಎಷ್ಟೋ ಶನಿವಾರ ಆ ಹೆಸರನ್ನು ಅವರು ನನ್ನ ಪಕ್ಕದಲ್ಲೇ ಕುಳಿತು ಗಟ್ಟಿಯಾಗಿ ಓದಿದ್ದರು. ನಾನು ಗುರುತು ಹಾಕುತ್ತಿದ್ದೆ… ಒಂದಕ್ಷರವೂ ನೆನಪಿಗೆ ಬರುತ್ತಿಲ್ಲ.