ಕಾಂದಿದಾಳನ್ನು ಮದುವೆಯಾದವನು

ನಮ್ಮೂರಿನಲ್ಲಿ ಕಾಂದಿದಾಳ ಹೊಲದಂಥ ಬೆಳ್ಳುಳ್ಳಿ ಹೊಲ ಇನ್ನೊಂದಿಲ್ಲ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ನನ್ನ ಹೊಲ ಅದರ ಪಕ್ಕದ್ದು, ಇಬ್ಬರಿಗೂ ಒಂದೇ ಕಾಲುವೆಯ ನೀರು, ಆದರೂ ನನ್ನ ಗಡ್ಡೆಗಳು ಅವಳ ಗಡ್ಡೆಗಳ ಅರ್ಧಕ್ಕೂ ಬರುವುದಿಲ್ಲ. ಭತ್ತ ಕೊಯ್ದ ಮೇಲೆ ಹುಲ್ಲು ಹಾಸಿ ಎಸಳು ಊರುವ ಕೆಲಸಕ್ಕೆ ಅವಳು ಕೂಲಿಯವರನ್ನು ಕರೆಯುತ್ತಿರಲಿಲ್ಲ. ಸೊಂಟ ಬಗ್ಗಿಸಿ ತಾನೇ ಊರುತ್ತಿದ್ದಳು. ನನಗಿಂತ ದೊಡ್ಡವಳಾದ್ದರಿಂದ ನಾನು ಅವಳನ್ನು ಮಾನಾಂಗ್ ಎನ್ನುತ್ತೇನೆ, ಅವಳು ನನ್ನನ್ನು ಆದಿಂಗ್ ಎನ್ನುತ್ತಾಳೆ. ಅಕ್ಕತಂಗಿಯರ ಹಾಗೆ ಜಗಳವಾಡಿಕೊಂಡೇ ಬದುಕಿದವರು ನಾವು.

ಆ ಹೊಲ ಅವಳಿಗೆ ಬಂದದ್ದು ಮದುವೆಯಲ್ಲಿ. ನಮ್ಮ ಇಲೋಕೋಸ್ ಕಡೆ ಗಂಡಿನ ಮನೆಯವರೇ ಭೂಮಿ ಕೊಡಬೇಕು. ಅವಳ ಮಾವ ಊಟದ ಪಂಕ್ತಿಯಲ್ಲಿ ಎದ್ದು ನಿಂತು, "ಕಾಲುವೆ ಪಕ್ಕದ ಹೊಲ ನನ್ನ ಸೊಸೇದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಹಿರಿಯರು ತಲೆಯಾಡಿಸಿದರು, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಆಗ ಬಾಯಿಮಾತೇ ಪತ್ರ.

ಸರ್ಕಾರದವರು ಹಕ್ಕುಪತ್ರ ಬರೆದುಕೊಡಲು ಬಂದದ್ದು ಆಮೇಲೆ. ಕಾಂದಿದಾ ಆ ಬಂದವರಿಗೇ ಮೀನು ಹುರಿಯುತ್ತಾ ಅಡುಗೆಮನೆಯಲ್ಲಿದ್ದಳು. ಅವರು ಕೇಳಿದ್ದಕ್ಕೆಲ್ಲ ಅಂಗಳದಲ್ಲಿ ಕುಳಿತಿದ್ದ ಗಂಡ ಮಕಾರಿಯೊ ಉತ್ತರ ಕೊಟ್ಟ. ಹೆಸರು? ಮಕಾರಿಯೊ. ಮದುವೆಯಾಗಿದೆಯೇ? ಆಗಿದೆ, ಕಾಂದಿದಾಳ ಜೊತೆ. ಪತ್ರದಲ್ಲಿ ಹಾಗೆಯೇ ಬಂತು: ಮಾಲೀಕ ಮಕಾರಿಯೊ, ಕಾಂದಿದಾಳನ್ನು ಮದುವೆಯಾದವನು. ಅದರಲ್ಲಿ ತನ್ನ ಹೆಸರು ಕಂಡು ಅವಳು ಹಿಗ್ಗಿದಳು. ಹೆಸರಿದ್ದ ಮೇಲೆ ಹೊಲ ತನ್ನದೇ ಎಂದುಕೊಂಡಳು. ನಾವೂ ಹಾಗೆಯೇ ಅಂದುಕೊಂಡೆವು. ಈ ಊರಿನ ಅರ್ಧ ಹೆಂಗಸರು ಇವತ್ತಿಗೂ ಹಾಗೆಯೇ ಅಂದುಕೊಂಡಿದ್ದಾರೆ.

ಮಕ್ಕಳಾಗಲಿಲ್ಲ. ಮಕಾರಿಯೊ ಜೋಳ ಬೆಳೆಯುತ್ತೇನೆಂದು ಬೆಟ್ಟದಾಚೆಯ ಕಾಗಯಾನ್ ಕಡೆಗೆ ಹೋದವನು ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಅದೂ ನಿಂತಿತು. ನಮ್ಮ ದೇಶದಲ್ಲಿ ವಿಚ್ಛೇದನವಿಲ್ಲ. ಹೋದ ಗಂಡನೂ ಗಂಡನೇ. ಕಾಂದಿದಾ ಅತ್ತದ್ದನ್ನು ನಾನು ನೋಡಿಲ್ಲ, ಅವಳ ಬೆಳ್ಳುಳ್ಳಿ ಮಾತ್ರ ವರ್ಷ ವರ್ಷ ದಪ್ಪವಾಗುತ್ತಾ ಹೋಯಿತು.

ತಲೆ ಪೂರ್ತಿ ನೆರೆತ ಮೇಲೆ, ಒಂದು ಬೇಸಿಗೆಯಲ್ಲಿ ಅವನು ಚೀಲ ಹಿಡಿದು ಬಾಗಿಲಿಗೆ ಬಂದ. ಹಿಂದೆಯೇ ಒಂದು ಕಾರೂ ಬಂತು. ಸಮುದ್ರದ ಕಡೆ ಹೋಟೆಲ್ ಕಟ್ಟುವವನೊಬ್ಬನಿಗೆ ಕಾಲುವೆ ಪಕ್ಕದ ಹೊಲ ಬೇಕಾಗಿತ್ತು. ಮಾರನೆಯ ದಿನವೇ ಮಕಾರಿಯೊ ಅವಳನ್ನು ಪೇಟೆಯ ನೋಟರಿ ವಕೀಲರ ಬಳಿ ಕರೆದುಕೊಂಡು ಹೊರಟ. ಅವಳು ನನ್ನ ಕೈ ಹಿಡಿದೆಳೆದುಕೊಂಡು ಹೋದಳು.

"ಮಾನಾಂಗ್, ಇಲ್ಲೊಂದು ಸಹಿ ಹಾಕಿದ್ರೆ ಮುಗೀತು" ಎಂದರು ವಕೀಲರು.

"ನನ್ನ ಹೊಲ ಮಾರೋಕೆ ನಾನ್ಯಾಕೆ ಸಹಿ ಹಾಕ್ಲಿ? ಪತ್ರದಲ್ಲಿ ನನ್ನ ಹೆಸರಿದೆ, ನೋಡಿ."

ವಕೀಲರು ಕನ್ನಡಕ ಏರಿಸಿಕೊಂಡು ಓದಿದರು. "ಇದೆ. ಆದ್ರೆ ಮಾಲೀಕ ಅಂತ ಇರೋದು ಇವರ ಹೆಸರು. ನಿಮ್ಮ ಹೆಸರು ಇವರ ಗುರುತಿಗೆ. ಎಡಗೆನ್ನೆ ಮೇಲೆ ಮಚ್ಚೆ ಇದೆ ಅಂತ ಬರೀತಾರಲ್ಲ, ಹಾಗೆ."

ನನಗೆ ಮೈಯೆಲ್ಲ ಉರಿಯಿತು. ಜೀವಮಾನವೆಲ್ಲ ದುಡಿದ ಹೆಂಗಸು ಒಂದು ಮಚ್ಚೆಯಂತೆ!

"ನಾನು ಹಾಕಲ್ಲ ಅಂದ್ರೆ?" ಎಂದಳು ಕಾಂದಿದಾ.

"ಹಾಗಿದ್ರೆ ಮಾರೋಕಾಗಲ್ಲ. ಮದುವೆಯಾದವನು ಅಂತ ಬರೆದಿದೆಯಲ್ಲ, ಹೆಂಡ್ತಿ ಸಹಿ ಬೇಕೇ ಬೇಕು. ಇಲ್ಲಾ ಹೆಂಡ್ತಿ ತೀರಿಕೊಂಡಿದಾಳೆ ಅನ್ನೋ ಮರಣಪತ್ರ ಬೇಕು." ವಕೀಲರು ಇದನ್ನು ಮಳೆ ಬರಬಹುದು ಎನ್ನುವ ಹಾಗೆ ಹೇಳಿ ಮುಂದಿನ ಗಿರಾಕಿಯನ್ನು ಕರೆದರು.

ವಾಪಸು ಬರುವಾಗ ಬಾಡಿಗೆಯ ಮೋಟಾರು ಟ್ರೈಸಿಕಲ್‌ನಲ್ಲಿ ಅವಳು ಗಂಡನ ಪಕ್ಕ ಕೂರಲಿಲ್ಲ. ನನ್ನನ್ನು ನಡುವೆ ಕೂರಿಸಿದಳು. ಮರಣಪತ್ರದ ಮಾತು ನಮ್ಮಿಬ್ಬರ ಕಿವಿಯಲ್ಲೂ ಇನ್ನೂ ಉಳಿದಿತ್ತು.

ಆಮೇಲೆ ಅವನು ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಅವನು ಒಳ್ಳೆಯವನಾಗಿಬಿಟ್ಟ. ಬೆಳಿಗ್ಗೆ ಎದ್ದು ತಾನೇ ಬದನೆ, ಬೆಂಡೆ ಹಾಕಿ ಪದಾರ್ಥ ಬೇಯಿಸುತ್ತಿದ್ದ. "ತಿನ್ನು, ಸೊರಗಿದೀಯ" ಎನ್ನುತ್ತಿದ್ದ. ಕಾಂದಿದಾ ಹರಕೆಯಿದೆ ಎಂದು ಸುಳ್ಳು ಹೇಳಿ ನನ್ನ ಮನೆಗೆ ಬಂದು ಉಣ್ಣುತ್ತಿದ್ದಳು.

"ಇಲಿ ಪಾಷಾಣಕ್ಕೆ ಕಾಸು ಖರ್ಚು ಮಾಡೋ ಗಂಡಸಲ್ಲ ಅವನು. ಮದುವೆ ಉಂಗುರಾನೂ ಸಾಲ ತಂದಿದ್ದ" ಎಂದು ನಾನು ತಮಾಷೆ ಮಾಡಿದೆ.

ಅವಳು ನಗಲಿಲ್ಲ. "ಆದಿಂಗ್, ಅವನು ನನ್ನ ನೋಡೋದು ನೀನು ನೋಡಿಲ್ಲ. ನಾನು ಬಾಗಿಲು ದಾಟಿ ಬಂದ್ರೆ ಬೆಚ್ಚಿಬೀಳ್ತಾನೆ. ನಾನು ಇನ್ನೂ ಇದೀನಲ್ಲ ಅನ್ನೋ ಹಾಗೆ ನೋಡ್ತಾನೆ."

ಒಂದು ಮಧ್ಯಾಹ್ನ ಅದನ್ನು ನಾನೇ ಕಂಡೆ. ಅವನು ಬಾವಿಯ ಕಟ್ಟೆ ಸರಿಮಾಡುತ್ತಿದ್ದ. "ಕಾಂದಿದಾ, ಬಾ, ಒಂದು ಚೂರು ಬಗ್ಗಿ ಈ ಹಗ್ಗ ಹಿಡಿ" ಎಂದು ಕರೆದ. ಅವಳು ಅಂಗಳದ ನಡುವೆ ನಿಂತುಬಿಟ್ಟಳು. ಹೆಜ್ಜೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವನು ಹಗ್ಗ ಹಿಡಿದು ಕಾಯುತ್ತಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ನಾನೇ ಹೋಗಿ ಹಗ್ಗ ಹಿಡಿದೆ. ಬಾವಿಯೊಳಗೆ ನೋಡುವ ಧೈರ್ಯ ನನಗೂ ಬರಲಿಲ್ಲ.

"ಸಹಿ ಹಾಕಿಬಿಡು ಮಾನಾಂಗ್. ಹೊಲ ಹೋದ್ರೆ ಹೋಗ್ಲಿ, ಜೀವ ಇರತ್ತೆ" ಎಂದೆ ಅಂದು.

"ಹೊಲ ಹೋದ್ಮೇಲೆ ಈ ಜೀವ ಇಟ್ಕೊಂಡು ಎಲ್ಲಿ ಊರಲಿ?" ಎಂದಳು.

ಬೆಳ್ಳುಳ್ಳಿ ಕಿತ್ತು ಜುಟ್ಟು ಕಟ್ಟುತ್ತಿದ್ದ ಹೊತ್ತಿನಲ್ಲಿ ಆ ಹುಡುಗಿ ಬಂದಳು. ಹುಡುಗಿ ಎಂದೆ, ಆದರೆ ಸೊಂಟದ ಮೇಲೊಂದು ಕೂಸಿತ್ತು. ಮಕಾರಿಯೊ ಪೇಟೆಗೆ ಹೋಗಿದ್ದ. ನಾನೂ ಕಾಂದಿದಾಳೂ ಜಗಲಿಯಲ್ಲಿ ಕುಳಿತಿದ್ದೆವು.

"ನಾನು ಎರ್ಲಿಂದಾ ಅಂತ. ಕಾಗಯಾನ್‌ನಿಂದ ಬಂದೆ. ನಮ್ಮಪ್ಪ ಮಕಾರಿಯೊ ಇಲ್ಲಿದಾರಂತೆ. ಹಳೇ ಹೊಲ ಮಾರಿ ಬರ್ತೀನಿ ಅಂತ ಹೋದೋರು ಬಂದೇ ಇಲ್ಲ, ಅಮ್ಮ ಊಟ ಬಿಟ್ಟಿದಾಳೆ" ಎಂದಳು.

ಗಂಡನಿಗೆ ಅಲ್ಲೊಂದು ಸಂಸಾರವಿದ್ದೀತೆಂದು ಕಾಂದಿದಾ ಊಹಿಸದೆ ಇರಲಿಲ್ಲ. ಕೈಯಲ್ಲಿದ್ದ ಜುಟ್ಟನ್ನು ಬಿಗಿದು ಗಂಟು ಹಾಕಿ, "ಇದೇ ಅವನ ಮನೆ. ಕೂತ್ಕೊ" ಎಂದಳು.

"ನೀವು ಅಪ್ಪನ ಅಕ್ಕಾನಾ?"

"ನಾನು ಕಾಂದಿದಾ."

ಎರ್ಲಿಂದಾ ಶಿಲುಬೆಯ ಗುರುತು ಮಾಡಿಕೊಂಡು ಹಿಂದೆ ಸರಿದಳು. ಕೂಸನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಳು. "ಯಾವ ಕಾಂದಿದಾ?"

"ಅವನಿಗೆ ಎಷ್ಟು ಜನ ಇದಾರೋ ನನಗೇನು ಗೊತ್ತು? ಈ ಮನೇದು ನಾನೊಬ್ಬಳೇ."

"ಇಲ್ಲ, ನಾನು ನಿಮಗೆ ಅತಾಂಗ್ ಇಡ್ತೀನಿ" ಎಂದಳು ಆ ಹುಡುಗಿ. "ಪ್ರತಿ ನವೆಂಬರ್‌ನಲ್ಲೂ. ಚಿಕ್ಕವಳಿದ್ದಾಗಿಂದ ನಾನೇ ಇಡೋದು."

ಅತಾಂಗ್ ಎಂದರೆ ನಾವು ಸತ್ತವರಿಗೆ ಬಡಿಸಿಡುವ ಎಡೆ. ಅನ್ನ, ಮೊಟ್ಟೆ, ಎಲೆಯಡಿಕೆ, ಒಂದು ಲೋಟ ನೀರು. ಬದುಕಿರುವವರ ಹೆಸರಿನಲ್ಲಿ ಅದನ್ನು ಇಟ್ಟರೆ ಏನಾಗುತ್ತದೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಾಂದಿದಾ ಕೈಯಲ್ಲಿದ್ದ ಜುಟ್ಟನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು, "ನಾನು ಹೇಗೆ ಸತ್ತೆ?"

"ಹೆರಿಗೇಲಿ. ಗಂಡು ಮಗು ಅಂತೆ, ಅದೂ ಉಳೀಲಿಲ್ಲವಂತೆ. ನಾವು ಎರಡು ತಟ್ಟೆ ಇಡ್ತೀವಿ. ಒಂದು ಚಿಕ್ಕದು."

ಬಂಜೆ ಎಂದು ಊರೆಲ್ಲ ಆಡಿಕೊಂಡಾಗಲೂ ಅಳದವಳು ಆಗ ಅತ್ತಳು. ನಾನು ಅವನ ವಂಶವನ್ನೆಲ್ಲ ಬೈದೆ. ಬೈಯುತ್ತಿರುವಾಗಲೇ ನನಗೆ ಎಲ್ಲವೂ ಅರ್ಥವಾಯಿತು. ಅವನು ಅಲ್ಲಿ ಹೆಂಡತಿ ಸತ್ತವನೆಂದು ಹೇಳಿಕೊಂಡು ಚರ್ಚಿನಲ್ಲಿ ಮತ್ತೆ ಮದುವೆಯಾಗಿದ್ದ. ಇವಳನ್ನು ಬೆಚ್ಚಿ ನೋಡುತ್ತಿದ್ದನಲ್ಲ, ಅವನ ಲೆಕ್ಕದಲ್ಲಿ ಇವಳು ಎಂದೋ ಸತ್ತಿದ್ದಳು. ಇವಳು ಬದುಕಿದ್ದಾಳೆಂದು ಅಲ್ಲಿ ಗೊತ್ತಾದರೆ, ಎರಡು ಮದುವೆಯ ತಪ್ಪಿಗೆ ಅವನಿಗೆ ಜೈಲು.

ಮಕಾರಿಯೊ ಮೀನು ಹಿಡಿದುಕೊಂಡು ಗೇಟಿನೊಳಗೆ ಬಂದ. ಮಗಳನ್ನು ಕಂಡ, ಹೆಂಡತಿಯನ್ನು ಕಂಡ, ನಿಂತಲ್ಲೇ ಕುಸಿದು ಕುಳಿತ. "ಕಾಂದಿದಾ, ಹಾಳು ಮಾಡ್ಬೇಡ ನನ್ನ" ಎಂದ. ಇಷ್ಟು ದಿನ ಹೆದರಿಸಿದ ಗಂಡಸು ಇವನೇನಾ ಎಂದು ನನಗೆ ಅಸಹ್ಯವಾಯಿತು.

ಆದರೆ ನಿಜವಾಗಿ ಹೆದರಿದ್ದವಳು ಎರ್ಲಿಂದಾ. ಹೊರಡುವಾಗ ಅಪ್ಪನನ್ನು ಮುಂದೆ ಕಳಿಸಿ ತಾನು ಹಿಂದುಳಿದಳು. "ನಮ್ಮ ಮನೆ, ಹೊಲದ ಪತ್ರದಲ್ಲೂ ಹಾಗೇ ಇದೆ. ಮಾಲೀಕ ಮಕಾರಿಯೊ, ಅಮ್ಮನ್ನ ಮದುವೆಯಾದವನು ಅಂತ. ನೀವು ಬದುಕಿದ್ರೆ ನಮ್ಮಮ್ಮ ಏನಾಗ್ತಾಳೆ?"

"ನನಗೆ ಗೊತ್ತಿಲ್ಲ ಮಗಾ. ನಿಮ್ಮಮ್ಮನಿಗೋಸ್ಕರ ಸಾಯೋಕೆ ನನಗಾಗಲ್ಲ" ಎಂದಳು ಕಾಂದಿದಾ.

ವಾರದೊಳಗೆ ನಾವಿಬ್ಬರೂ ಮತ್ತೆ ವಕೀಲರ ಬಳಿಗೆ ಹೋದೆವು. ಮಾವ ಸೊಸೆಗೆ ಹೊಲ ಕೊಟ್ಟದ್ದನ್ನು ಕಿವಿಯಾರೆ ಕೇಳಿದ ಇಬ್ಬರು ಮುದುಕರೂ ಜೊತೆಗಿದ್ದರು. ಹೆಂಡತಿ ಬದುಕಿದ್ದಾಳೆ, ಹೊಲದ ಮೇಲೆ ಅವಳ ಹಕ್ಕಿದೆ, ಅವಳನ್ನು ಬಿಟ್ಟು ಯಾರೂ ಮಾರುವಂತಿಲ್ಲ ಎಂದು ಪತ್ರದ ಬೆನ್ನಿಗೆ ತಕರಾರು ಬರೆಸಿದ್ದಾಯಿತು.

ವಕೀಲರು ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು. ಕಾಗದ ಮಡಚುತ್ತಾ, "ಮಾನಾಂಗ್, ಇನ್ನೊಂದು ವಿಷಯ. ಅಲ್ಲಿ ಅವನು ಮಾಡಿರೋ ಆಸ್ತೀಲಿ ಅವನ ಪಾಲು ಏನಿದೆಯೋ ಅದು ನಿಮ್ಮ ಮದುವೆಗೇ ಸೇರತ್ತೆ. ಆ ಹೆಂಗಸಿನ ಹೆಸರು ಅಲ್ಲಿರೋದು ಬರೀ ಹೆಸರು. ನೀವು ಕೇಳಿದ್ರೆ ಸಿಗತ್ತೆ" ಎಂದರು.

"ಹೇಗೆ ಕೇಳ್ಬೇಕು?" ಎಂದಳು ಕಾಂದಿದಾ.

ಅವರು ವಿವರಿಸಿದರು. ಅವಳು ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಆ ಬೇಸಿಗೆ ಪೂರ್ತಿ ಅಲ್ಲಿದ್ದ ಹೆದರಿಕೆ ಈಗ ಇರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಬೆಟ್ಟದಾಚೆ ಊಟ ಬಿಟ್ಟು ಕುಳಿತ ಎರ್ಲಿಂದಾಳ ಅಮ್ಮ ನೆನಪಾದಳು.

"ಇವತ್ತು ಬೇಡ" ಎಂದು ಅವಳು ಎದ್ದಳು.