ಆರ್ವಿನ್ ಹೂಕ್ಸ್ಟ್ರಾನ ನಾಲಿಗೆ

ಆರ್ವಿನ್ ಹೂಕ್ಸ್ಟ್ರಾ ಮೂವತ್ತೆಂಟು ವರ್ಷ ಕುರ್ಚಿ ಮಾಡಿದ. ಮಿಶಿಗನ್ ಸರೋವರದ ದಂಡೆಯ ಆ ಪಟ್ಟಣದಲ್ಲಿ ಮರದ ಕಾರ್ಖಾನೆಗೆ ಹೋಗದ ಮನೆತನವೇ ಅಪರೂಪ, ಆದ್ದರಿಂದ ಕುರ್ಚಿಗಾಗಿ ಅವನನ್ನು ಯಾರೂ ಹೊಗಳಲಿಲ್ಲ. ಹೊಗಳಿದ್ದು ಅವನ ನಾಲಿಗೆಯನ್ನು. ಮನೆಯಲ್ಲೇ ಬಿಯರ್ ಕಾಯಿಸುವ ಹತ್ತು ಜನರ ಒಂದು ಸಂಘ ಅಲ್ಲಿತ್ತು. ಹತ್ತರಲ್ಲಿ ಯಾರೇ ಹೊಸದು ಮಾಡಲಿ, ಮೊದಲ ಗುಟುಕು ಆರ್ವಿನ್‌ಗೆ. ಅವನು ಕಣ್ಣು ಮುಚ್ಚಿ, ಬಾಯೊಳಗೆ ಒಂದು ಸುತ್ತು ಆಡಿಸಿ, "ಕುದಿಸೋವಾಗ ಪಾತ್ರೆ ಮುಚ್ಚಿಟ್ಟಿದ್ದೆ ಅಲ್ವಾ?" ಎಂದು ಕೇಳಿದರೆ ಮುಚ್ಚಿಟ್ಟವನು ತಲೆ ತಗ್ಗಿಸುತ್ತಿದ್ದ. ಇಂಥ ಮರ್ಯಾದೆ ವರ್ಷಗಟ್ಟಲೆ ಸಿಕ್ಕರೆ ಯಾರ ತಲೆಯಾದರೂ ತಿರುಗುತ್ತದೆ. ಆರ್ವಿನ್‌ನದು ಸ್ವಲ್ಪ ಹೆಚ್ಚೇ ತಿರುಗಿತ್ತು.

ಸಂಘಕ್ಕೊಂದು ಪೀಪಾಯಿ ಇತ್ತು. ಕೆಂಟಕಿಯಲ್ಲಿ ಬರ್ಬನ್ ವಿಸ್ಕಿ ಕುಡಿದು ಹದವಾದ ಓಕ್ ಮರದ ಪೀಪಾಯಿ. ಪ್ರತಿ ಚಳಿಗಾಲ ಹತ್ತೂ ಜನ ಒಂದೇ ಅಳತೆಯಲ್ಲಿ ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪನೆಯ, ಮಂದನೆಯ, ಬೇಗ ತಲೆಗೇರುವ ಬಿಯರ್ ಕಾಯಿಸಿ, ತಲಾ ಐದು ಗ್ಯಾಲನ್ ತಂದು ಅದರೊಳಗೆ ಸುರಿಯುತ್ತಿದ್ದರು. ಅಲ್ಲಿಗೆ ನಿನ್ನದು ನನ್ನದು ಎಂಬುದು ಮುಗಿಯಿತು. ವರ್ಷ ಕಳೆದ ಮೇಲೆ ಮತ್ತೆ ತಲಾ ಐದು ಗ್ಯಾಲನ್ ಮನೆಗೆ ಒಯ್ದು, ಮೂರು ವಾರ ತಮಗೆ ಸರಿಕಂಡ ಮಸಾಲೆ ಹಾಕಿಡಬೇಕು. ಫೆಬ್ರುವರಿಯ ಮೊದಲ ಶನಿವಾರ ಮಧ್ಯಾಹ್ನ ಎಲ್ಲರೂ ಸೇರಿ, ಬರೀ ನಂಬರು ಹಾಕಿದ ಲೋಟಗಳಲ್ಲಿ ರುಚಿ ನೋಡಿ ಅಂಕ ಕೊಡಬೇಕು. ಯಾರದು ಗೆದ್ದಿತೋ ಮುಂದಿನ ವರ್ಷವೆಲ್ಲ ಪೀಪಾಯಿ ಅವರ ಮನೆಯಲ್ಲಿ.

ನಾಲ್ಕು ವರ್ಷದಿಂದ ಅದು ಆರ್ವಿನ್‌ನ ನೆಲಮಾಳಿಗೆಯಲ್ಲೇ ಇತ್ತು. ಕೆಲಸದಿಂದ ನಿವೃತ್ತನಾದ ಮೇಲೆ ಅವನು ಬೆಳಗಿನ ಕಾಫಿ ಕುಡಿಯುತ್ತಿದ್ದದ್ದು ಅದರ ಪಕ್ಕದಲ್ಲಿ.

"ನನ್ನ ಹತ್ರ ಕೂತು ಕಾಫಿ ಕುಡಿದು ಎಷ್ಟು ದಿನ ಆಯ್ತು?" ಎಂದು ಹೆಂಡತಿ ಲೋಯಿಸ್ ಮೆಟ್ಟಿಲ ಮೇಲಿಂದ ಕೇಳುತ್ತಿದ್ದಳು. "ಅದೇನು ನಿನ್ನ ಜೊತೆ ಮಾತಾಡುತ್ತಾ?"

"ಮಾತಾಡಲ್ಲ. ಅದಕ್ಕೇ ಇಲ್ಲಿ ಕೂತಿರೋದು."

ಆದರೆ ನಿಜ ಬೇರೆ. ಪೀಪಾಯಿ ಇದ್ದುದರಿಂದ ಮನೆಗೆ ಮಾತು ಬರುತ್ತಿತ್ತು. ಶನಿವಾರ ಬಂದರೆ ಇಬ್ಬರೋ ಮೂವರೋ ಬೂಟಿನ ಹಿಮ ಕೊಡವಿ ಕೆಳಗಿಳಿದು, ಬಿರಡೆ ತೆಗೆದು ಮೂಸಿ, ಒಂದು ಗಂಟೆ ಹರಟಿ ಹೋಗುತ್ತಿದ್ದರು. ಪೀಪಾಯಿ ಹೋದರೆ ತನ್ನನ್ನು ನೋಡಲೆಂದು ಯಾರೂ ಆ ಮೆಟ್ಟಿಲು ಇಳಿಯುವುದಿಲ್ಲ ಎಂದು ಆರ್ವಿನ್‌ಗೆ ಗೊತ್ತಿತ್ತು, ಅದನ್ನು ನೆನೆದರೆ ಅವನಿಗೆ ಭಯವಾಗುತ್ತಿತ್ತು.

ಆ ಭಯಕ್ಕೆ ಒಂದು ಹೆಸರೂ ಇತ್ತು: ಮಾರಿಸೆಲಾ ಇಬಾರಾ. ಮೂವತ್ತೆರಡರ ಹೆಂಗಸು, ಹಲ್ಲಿನ ಡಾಕ್ಟರ ಬಳಿ ಹಲ್ಲು ತೊಳೆಯುವ ಕೆಲಸ. ಊರಿನ ಅರ್ಧ ಬಾಯಿಗಳು ಅವಳ ಕೈಯಲ್ಲಿದ್ದವು, ಆರ್ವಿನ್‌ನದೂ ಸೇರಿ. ಸಂಘಕ್ಕೆ ಬಂದು ಮೂರು ವರ್ಷವಾಗಿತ್ತು. ಮೊದಲ ವರ್ಷ ಅವಳ ಬಿಯರ್ ಕೊನೆಯಿಂದ ಎರಡನೆಯದು, ಆಗ ಆರ್ವಿನ್ ಅವಳಿಗೆ ಬಹಳ ಪ್ರೀತಿಯಿಂದ ಬುದ್ಧಿ ಹೇಳಿದ್ದ. ಕಳೆದ ವರ್ಷ ಅವನಿಗಿಂತ ಎರಡು ಅಂಕ ಕಡಿಮೆ, ಆಗ ಬುದ್ಧಿ ಹೇಳುವುದು ನಿಂತಿತು. ಈ ಸಲ ಸಂಘದ ಕಾರ್ಯದರ್ಶಿ, ಅಂಚೆಯ ನಾರ್ಬ್ ಕ್ಲೂಸ್ಟರ್, ಆರ್ವಿನ್‌ನ ಹಳೆಯ ಗೆಳೆಯ, ತಾನು ಮಾಡಿದ ಗೋಧಿ ಬಿಯರಿನ ಮೊದಲ ಗುಟುಕನ್ನು ಅವಳಿಗೆ ಕೊಟ್ಟ. ಎದುರಿಗೇ ಕೊಟ್ಟ, ಯೋಚನೆ ಮಾಡದೆ ಕೊಟ್ಟ. ಆರ್ವಿನ್ ನಗುತ್ತಲೇ ಮನೆಗೆ ಬಂದು, ಸಾರು ಸಪ್ಪೆ ಎಂದು ಲೋಯಿಸ್ ಮೇಲೆ ರೇಗಿದ.

ಫೆಬ್ರುವರಿಯ ಮೊದಲ ಶನಿವಾರ ಬಂತು. ಆರ್ವಿನ್‌ನ ಗ್ಯಾರೇಜಿನಲ್ಲಿ ಹೀಟರ್ ಹಚ್ಚಿ, ಉದ್ದ ಮೇಜು ಹಾಕಿ, ಉಪ್ಪು ಬಿಸ್ಕತ್ತು, ನೀರು, ಅವರವರ ಹೆಸರಿನ ಚೀಟಿ, ಪೆನ್ಸಿಲು ಇಟ್ಟರು. ರುಚಿ ನೋಡುವಾಗ ಯಾರೂ ಮಾತಾಡಬಾರದು, ಮುಖ ಸೊಟ್ಟ ಮಾಡಬಾರದು. ಐವತ್ತಕ್ಕೆ ಅಂಕ, ಕೆಳಗೆ ಒಂದು ಸಾಲು ಟೀಕೆ. ಮೂರನೆಯ ಲೋಟ ತನ್ನದೆಂದು ಆರ್ವಿನ್‌ಗೆ ಮೂಸಿದ ಕೂಡಲೇ ತಿಳಿಯಿತು: ವೆನಿಲಾ, ಕಾಫಿ, ಬರ್ಬನ್. ಎಲ್ಲೂ ತಪ್ಪಿಲ್ಲ. ಎಲ್ಲೂ ತಪ್ಪಿಲ್ಲ ಎಂಬುದೇ ಅದರ ಗುಣ ಎಂದು ಆ ದಿನವೇ ಮೊದಲ ಸಲ ಅನ್ನಿಸಿತು.

ಏಳನೆಯದನ್ನು ತುಟಿಗಿಟ್ಟ. ನುಂಗಿದ. ನುಂಗಿದ ಮೇಲೆ ಗಂಟಲ ತಳದಲ್ಲಿ ಮೆಣಸಿನಕಾಯಿಯ ಬಿಸಿ ನಿಧಾನವಾಗಿ ಹತ್ತಿಕೊಂಡಿತು, ಸುಡಲಿಲ್ಲ. ಆರ್ವಿನ್ ಇನ್ನೊಂದು ಗುಟುಕು ಕುಡಿದ. ರುಚಿ ನೋಡುವವನು ಎರಡನೆಯ ಗುಟುಕು ಕುಡಿಯುವುದು ಅನುಮಾನವಿದ್ದರೆ. ಅವನಿಗೆ ಅನುಮಾನವಿರಲಿಲ್ಲ, ಆಸೆಯಾಗಿತ್ತು. ಮೆಣಸಿನಕಾಯಿ ಹಾಕುವ ಧೈರ್ಯ ಆ ಹತ್ತು ಜನರಲ್ಲಿ ಒಬ್ಬಳಿಗೇ ಇತ್ತು. ನಲವತ್ತು ವರ್ಷ ತಾನು ಹುಡುಕಿದ್ದನ್ನು ಇವಳು ಮೂರು ವರ್ಷಕ್ಕೆ ಲೋಟದಲ್ಲಿ ಹಿಡಿದು ಕೂತಿದ್ದಾಳೆ. ಆರ್ವಿನ್ ಚೀಟಿಯನ್ನು ಹತ್ತಿರ ಎಳೆದುಕೊಂಡ. ಪೆನ್ಸಿಲು ತೆಗೆದು ಇಪ್ಪತ್ತಾರು ಎಂದು ಬರೆದ. ಕೆಳಗೆ, "ಕೊನೆಯಲ್ಲಿ ತುಸು ಹುಳಿ. ಸೋಂಕು ತಗುಲಿರಬಹುದು," ಎಂದು ಬರೆದ.

ನಾರ್ಬ್ ಚೀಟಿಗಳನ್ನು ಗಟ್ಟಿಯಾಗಿ ಓದಿದ. ಏಳಕ್ಕೆ ನಲವತ್ತಾರು, ನಲವತ್ತೇಳು, ನಲವತ್ತೈದು ಬರುತ್ತಿತ್ತು. ಆರ್ವಿನ್‌ನ ಚೀಟಿ ಬಂದಾಗ ನಾರ್ಬ್ ಅದನ್ನು ಎರಡು ಸಲ ಓದಿದ.

"ಹುಳೀನಾ?"

"ನನಗೆ ಅನ್ನಿಸಿದ್ದು ಬರೆದೆ," ಎಂದ ಆರ್ವಿನ್. "ನಿಮಗೆ ಅನ್ನಿಸದೆ ಇದ್ರೆ ಬಿಡಿ."

ಇಷ್ಟು ಸಾಕಾಯಿತು. ಒಂಬತ್ತು ಜನ ಏಳನೆಯ ಲೋಟವನ್ನು ಮತ್ತೆ ಎತ್ತಿದರು. ನಾರ್ಬ್ ಚಪ್ಪರಿಸಿ, "ಹೌದಲ್ವಾ, ಹಿಂದೆ ಎಲ್ಲೋ ಇದೆ," ಎಂದ. ಪಕ್ಕದವನು, "ನನಗೂ ಆಗ್ಲೇ ಏನೋ ಅನ್ನಿಸಿತ್ತು, ಮೆಣಸಿನಕಾಯಿ ಅಂದ್ಕೊಂಡೆ," ಎಂದ. ಪೆನ್ಸಿಲುಗಳು ಹೊರಬಂದವು, ಅಂಕಗಳು ಕೆಳಗಿಳಿದವು. ಮೂರನೆಯ ಲೋಟ ಗೆದ್ದಿತು. ಆರ್ವಿನ್ ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡ, ಪೀಪಾಯಿ ಇನ್ನೊಂದು ವರ್ಷಕ್ಕೆ ಉಳಿಯಿತು ಎಂದುಕೊಂಡ.

ಆಗ ಮಾರಿಸೆಲಾ ಎದ್ದು ನಿಂತಳು. ಮುಖ ಬಿಳಚಿಕೊಂಡಿತ್ತು.

"ಏಳು ನಂದು," ಎಂದಳು. "ನಾನು ಬಿಯರ್ ತುಂಬಿದ ಕ್ಯಾನು ಹೊಸದು, ಅದರ ಸೀಲು ಆವತ್ತೇ ಒಡೆದದ್ದು. ಮಸಾಲೆ ಎಲ್ಲಾ ಎರಡು ವಾರ ಬರ್ಬನ್‌ನಲ್ಲಿ ನೆನೆಸಿಟ್ಟಿದ್ದೆ, ಅದ್ರಲ್ಲಿ ಯಾವ ಹುಳವೂ ಬದುಕಲ್ಲ. ನನ್ನ ಕಡೆಯಿಂದ ಸೋಂಕು ಬರೋಕೆ ದಾರಿನೇ ಇಲ್ಲ." ಅವಳು ನೆಲಮಾಳಿಗೆಯ ಮೆಟ್ಟಿಲ ಕಡೆ ನೋಡಿದಳು. "ಅಂದ್ರೆ ಪೀಪಾಯಿಯಿಂದಲೇ ಬಂದಿರ್ಬೇಕು. ನಾನು ಕೊನೇಲಿ ಹಿಡ್ಕೊಂಡೋಳು, ತಳದ್ದು ನನಗೆ ಬಂತು."

ಆರ್ವಿನ್‌ನ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ಈ ಜನರಿಗೆ ಹುಳಿ ಹಿಡಿದ ಪೀಪಾಯಿ ಎಂದರೆ ಮುಗಿಯಿತು. ಉಕ್ಕಿನ ಪಾತ್ರೆಯಾದರೆ ತೊಳೆಯಬಹುದು, ಮರದೊಳಗೆ ಹೊಕ್ಕ ಹುಳಿಯನ್ನು ಯಾರು ತೊಳೆಯುತ್ತಾರೆ? ಅಂಥದನ್ನು ನಡುವಿಗೆ ಕೊಯ್ದು ಹೂವಿನ ಕುಂಡ ಮಾಡುವುದೇ ರೂಢಿ. ನಾರ್ಬ್ ತನ್ನದೇ ಲೋಟ ಎತ್ತಿ ಕುಡಿದು ಮುಖ ಕಿವುಚಿದ. ಇನ್ನೊಬ್ಬನೂ ಕಿವುಚಿದ. ಹತ್ತು ನಿಮಿಷದಲ್ಲಿ ಹತ್ತೂ ಲೋಟ ಹುಳಿಯಾದವು, ಗೆದ್ದ ಮೂರನೆಯದೂ ಸೇರಿ.

"ಪೀಪಾಯಿಗೇನೂ ಆಗಿಲ್ಲ, ಅದನ್ನ ದಿನಾ ನೋಡ್ತೀನಿ," ಎಂದ ಆರ್ವಿನ್.

"ನೋಡ್ತೀಯ ಕಣೋ, ಅದಕ್ಕೇ ಹೇಳ್ತಿದೀಯ," ನಾರ್ಬ್ ಅವನ ಬೆನ್ನು ತಟ್ಟಿದ. "ಎಲ್ರಿಗಿಂತ ಮುಂಚೆ ಹಿಡಿದೋನೇ ನೀನು. ಈಗ ಅದರ ಮೇಲಿನ ಪ್ರೀತಿಗೆ ಹಿಂದೆ ಸರೀಬೇಡ."

ಕೆಳಗಿಳಿದು ಬಿರಡೆ ತೆಗೆದು ಮೂಸಿದರು. ಮರ ಒಣಗದಿರಲೆಂದು ಎರಡು ಬಾಟಲಿ ಬರ್ಬನ್ ಸುರಿದಿಟ್ಟಿದ್ದರಿಂದ ಮೂಗಿಗೆ ಅದೊಂದೇ ಹೊಡೆಯಿತು, ಬೇರೇನೂ ತಿಳಿಯಲಿಲ್ಲ. ಮುಂದಿನ ಶನಿವಾರ ಕೊಯ್ಯುವುದೆಂದು ತೀರ್ಮಾನವಾಯಿತು. ಗರಗಸ ಇದ್ದದ್ದು ಆರ್ವಿನ್ ಬಳಿ, ಪಳಗಿದ ಕೈ ಇದ್ದದ್ದೂ ಅವನಿಗೇ, ಆದ್ದರಿಂದ ಕೊಯ್ಯುವವನೂ ಅವನೇ.

ನಡುವೆ ಬುಧವಾರ ಅವನಿಗೆ ಹಲ್ಲು ತೊಳೆಸುವ ದಿನ. ತಪ್ಪಿಸಿಕೊಳ್ಳಲು ನೋಡಿದ, ಲೋಯಿಸ್ ಬಿಡಲಿಲ್ಲ. ಕುರ್ಚಿಯಲ್ಲಿ ಒರಗಿಸಿ, ದೀಪ ಹಾಕಿ, ಮಾರಿಸೆಲಾ ಎರಡೂ ಕೈಯನ್ನು ಅವನ ಬಾಯೊಳಗಿಟ್ಟಳು.

"ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ," ಎಂದಳು. "ಉಳಿದೋರೆಲ್ಲ ಮೆಣಸಿನಕಾಯಿಯಿಂದ ನಂದು ಅಂತ ತಿಳ್ಕೊಂಡು, ನನ್ನ ಮುಖ ನೋಡಿ ನಲವತ್ತಾರು, ನಲವತ್ತೇಳು ಹಾಕಿದ್ರು. ನೀವೊಬ್ರೇ ನಿಜ ಬರೆದದ್ದು."

ಆರ್ವಿನ್ ಏನೋ ಹೇಳಲು ಹೊರಟ.

"ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ," ಎಂದಳು.

ಬಾಯಿ ತೊಳೆದು ಎದ್ದಾಗ ಹೇಳಬಹುದಿತ್ತು. ಮೂರು ಮಾತಿನ ಕೆಲಸ. ಅವಳು ಬೇರೆಯವರ ಹಲ್ಲಿಗೆ ಹೋಗುವ ಮುಂಚೆ ಅವನಿಗೆ ಪೂರ್ತಿ ಒಂದು ನಿಮಿಷ ಸಿಕ್ಕಿತ್ತು, ಅದನ್ನು ಅವನು ಕೋಟಿನ ಗುಂಡಿ ಹಾಕಿಕೊಳ್ಳುವುದರಲ್ಲಿ ಕಳೆದ. ಅವಳ ಕೃತಜ್ಞತೆಯ ಮೇಲೂ ಅವನಿಗೆ ಹೊಟ್ಟೆ ಉರಿಯಿತು. ಸೋತು ಕೂಡ ಇಷ್ಟು ಸಲೀಸಾಗಿ ಇರಲು ಇವಳಿಗೆ ಹೇಗೆ ಬರುತ್ತದೆ?

ಶನಿವಾರ ಪೀಪಾಯಿಯೊಳಗಿನ ಬರ್ಬನ್ ಬಸಿದು, ನಾಲ್ವರು ಅದನ್ನು ಮೇಲೆ ತಂದರು. ಕಬ್ಬಿಣದ ಪಟ್ಟಿಗಳು ಕಳಚದಂತೆ ಆರ್ವಿನ್ ಮೊಳೆ ಹೊಡೆದ, ಹೊಟ್ಟೆಯ ಸುತ್ತ ಗೆರೆ ಎಳೆದ, ಗರಗಸ ಇಟ್ಟ. ಮೂವತ್ತೆಂಟು ವರ್ಷ ಮರ ಕೊಯ್ದ ಕೈ ಗೆರೆ ತಪ್ಪಲಿಲ್ಲ. ಪೀಪಾಯಿ ಎರಡು ಹೋಳಾಗಿ ಬಿತ್ತು.

ಗ್ಯಾರೇಜು ತುಂಬ ವಾಸನೆ ಹರಡಿತು. ಬಿಸಿಯಾದ ಓಕ್, ಅದರೊಳಗೆ ಇಂಗಿದ್ದ ವಿಸ್ಕಿ, ವೆನಿಲಾ. ವಿನೆಗರ್‌ನ ಸುಳಿವೇ ಇಲ್ಲ. ನಾರ್ಬ್ ಒಂದು ಹೋಳಿನೊಳಗೆ ತಲೆ ಹಾಕಿ ಮೂಸಿದ, ಸಾಲದೆಂದು ಕೊಯ್ದ ಮರವನ್ನು ನೆಕ್ಕಿದ. ಇನ್ನಿಬ್ಬರು ದೊಡ್ಡ ಮನುಷ್ಯರು ಮಂಡಿಯೂರಿ ನೆಕ್ಕಿದರು.

"ಆರ್ವಿನ್," ಎಂದ ನಾರ್ಬ್ ಎದ್ದು ನಿಂತು. "ಇದು ಚೆನ್ನಾಗೇ ಇದೆಯಲ್ಲೋ."

ಯಾರೂ ಆರ್ವಿನ್‌ನ ಮುಖ ನೋಡಲಿಲ್ಲ. ಮಾರಿಸೆಲಾ ಮಾತ್ರ ಹತ್ತಿರ ಬಂದು ಅವನ ತೋಳು ಹಿಡಿದಳು.

"ಬೇಜಾರು ಮಾಡ್ಕೋಬೇಡಿ. ಅರವತ್ತೈದು ದಾಟಿದ ಮೇಲೆ ನಾಲಿಗೆ ಮಂಕಾಗ್ತಾ ಬರುತ್ತೆ, ಎಲ್ರಿಗೂ ಆಗೋದೇ. ಇಲ್ಲದ ರುಚಿ ಇದೆ ಅನ್ಸುತ್ತೆ. ಬುಧವಾರ ನೋಡ್ದೆ, ನಿಮ್ಮ ಬಾಯಿ ತುಂಬಾ ಒಣಗಿತ್ತು. ಆಗ್ಲೇ ನನಗೆ ಹೊಳೀಬೇಕಿತ್ತು."

"ಹೋಗ್ಲಿ ಬಿಡೋ, ವಯಸ್ಸಾಯ್ತು," ಎಂದ ನಾರ್ಬ್. "ತಪ್ಪು ನಮ್ದೂ ಇದೆ, ನೀನು ಹೇಳಿದ್ದಕ್ಕೆಲ್ಲ ಗೋಣು ಹಾಕಿದ್ವಿ. ಇನ್ಮೇಲೆ ಮೊದಲು ಮಾರಿಸೆಲಾ ನೋಡ್ಲಿ."

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ತಲೆ ಆಡಿಸಿ, ಮುದುಕನಾದೆ ಎಂದು ನಕ್ಕುಬಿಟ್ಟರೆ ಅಷ್ಟೇ, ಎಲ್ಲರೂ ಅವನಿಗೆ ಕಾಫಿ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಆರ್ವಿನ್ ಅರ್ಧ ತಲೆ ಆಡಿಸಿಯೂ ಆಗಿತ್ತು. ಆದರೆ ತನ್ನ ನಾಲಿಗೆ ಕೆಟ್ಟಿದೆ ಎಂಬ ಮಾತು, ಅದೂ ಅವಳ ಬಾಯಿಂದ, ಕನಿಕರದಲ್ಲಿ ಬಂದದ್ದನ್ನು ಅವನು ನುಂಗಲಾರದೆ ಹೋದ.

"ನನ್ನ ನಾಲಿಗೆಗೆ ಏನೂ ಆಗಿಲ್ಲ," ಎಂದ.

"ಆರ್ವಿನ್, ಬಿಡು ಅಂದ್ನಲ್ಲ."

"ಏನೂ ಆಗಿಲ್ಲ ಅಂತ ಹೇಳ್ತಿದೀನಿ. ಏಳನೇ ಲೋಟದಲ್ಲಿ ಹುಳಿ ಇರ್ಲಿಲ್ಲ. ಬರೆಯೋವಾಗ್ಲೂ ನನಗೆ ಗೊತ್ತಿತ್ತು."

"ಗೊತ್ತಿದ್ದು ಯಾಕೆ ಬರೆದೆ?"

"ಹೊಟ್ಟೆಕಿಚ್ಚಿಗೆ."

ನಾರ್ಬ್ ಟೋಪಿ ಹಾಕಿಕೊಂಡು ಹೊರಗೆ ಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಹೊರಗೆ ಕಾರುಗಳು ಹಿಮದಲ್ಲಿ ಚಕ್ರ ತಿರುಗಿಸಿ ಹೊರಟ ಸದ್ದು ಕೇಳಿತು. ಮಾರಿಸೆಲಾ ನಿಂತೇ ಇದ್ದಳು. ಅವಳ ಕಣ್ಣು ಕೆಂಪಾಗಿತ್ತು, ಸಿಟ್ಟೋ ಅಳುವೋ ಆರ್ವಿನ್‌ಗೆ ತಿಳಿಯಲಿಲ್ಲ.

"ಹಾಗಾದ್ರೆ ಹೇಗಿತ್ತು ಅದು?" ಎಂದು ಕೇಳಿದಳು. "ಈಗ ಸರಿಯಾಗಿ ಹೇಳಿ."

ಆರ್ವಿನ್ ಕಣ್ಣು ಮುಚ್ಚಿದ. "ಮೊದಲು ಬ್ರೆಡ್ಡಿನ ಕರಕಲು ಅಂಚು. ಆಮೇಲೆ ಒಣದ್ರಾಕ್ಷಿ. ಅದು ಬಿಯರಿಂದಲ್ಲ, ಮೆಣಸಿನಕಾಯಿದು. ಕಪ್ಪು ಜಾತಿದು, ಬೀಜ ತೆಗೆದು ಹುರಿದಿದ್ದೀಯ. ಚಕ್ಕೆ ತೆಳು ಸಿಪ್ಪೇದು, ಬಿಯರಿಗೆ ಹಾಕಿ ಎರಡು ದಿನಕ್ಕೇ ತೆಗೆದುಬಿಟ್ಟಿದ್ದೀಯ."

"ಒಂದೂವರೆ ದಿನಕ್ಕೆ."

"ಒಂದೂವರೆ. ಅದಕ್ಕೇ ಮರದ ರುಚಿನ ಅದು ಮುಚ್ಚಿಲ್ಲ. ನುಂಗಿದ ಮೇಲೆ ಕೋಕೋ, ಕಹಿ ಇಲ್ಲ. ಎಲ್ಲಾ ಮುಗೀತು ಅನ್ನೋವಾಗ ಗಂಟಲಲ್ಲಿ ಬಿಸಿ ಬರುತ್ತೆ. ಇನ್ನೊಂದು ಗುಟುಕು ಬೇಕು ಅನ್ಸುತ್ತೆ. ನಲವತ್ತು ವರ್ಷದಲ್ಲಿ ನಾನು ಕುಡಿದದ್ರಲ್ಲಿ ಅಂಥದ್ದು ಬೇರೆ ಇಲ್ಲ, ಮಾರಿಸೆಲಾ." ಅವನು ಕಣ್ಣು ಬಿಟ್ಟ. ನಾಚಿಕೆಯಾಗುತ್ತಿತ್ತು, ಆದರೂ ಕೇಳದೆ ಇರಲಾಗಲಿಲ್ಲ. "ಸ್ವಲ್ಪ ಉಳಿದಿದೆಯಾ?"

ಅವಳು ಕೈಗವಸು ಹಾಕಿಕೊಂಡಳು.

"ಮಂಗಳವಾರ ಎಲ್ಲಾ ಸಿಂಕಿಗೆ ಸುರಿದೆ," ಎಂದಳು. "ನೀವು ಹುಳಿ ಅಂದಿದ್ರಲ್ಲ, ಅದಕ್ಕೆ."