ಕರೆಯಲು ಬರುವ ಅಣ್ಣ

ತಾಯಿ ತೀರಿದ ವರ್ಷ, ನಾಗರ ಪಂಚಮಿಗೆ ತನ್ನನ್ನು ತವರಿಗೆ ಕರೆದೊಯ್ಯಲು ಯಾರೂ ಉಳಿಯಲಿಲ್ಲವೆಂದು ಮುಳವಾಡದ ಚನ್ನವ್ವ ರೊಟ್ಟಿ ಬಡಿಯುತ್ತಲೇ ಅತ್ತಳು. ಆಕೆಗೆ ಅಣ್ಣತಮ್ಮಂದಿರಿರಲಿಲ್ಲ; ಯಾರೂ ಕರೆಯಲು ಬಾರದೆ ಹಬ್ಬಕ್ಕೆ ತವರಿಗೆ ಹೋಗುವ ರೂಢಿಯೂ ಇರಲಿಲ್ಲ. ಅಷ್ಟರಲ್ಲಿ ತವರೂರು ಅಗರಖೇಡದಿಂದ ಫೋನು ಬಂತು. ತಾಯಿಯ ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಮಾಳಿಂಗಪ್ಪನೆಂಬ ಕುರಿಗಾರ ಕರೆಯಲು ಬರುತ್ತಾನಂತೆ. ಆ ಹೆಸರನ್ನು ಆಕೆ ಕೇಳಿದ್ದು ಅಂದೇ ಮೊದಲು.

ಅವನು ಬಂದು ಅಂಗಳದಲ್ಲಿ ನಿಂತಾಗ ಅತ್ತೆ ಕುಟುಕಿದಳು: “ಕುರುಬರಾಂವ ನಮ್ಮ ಸೊಸಿಗಿ ಯಾವಾಗ ಅಣ್ಣ ಆದ್ಯೋ?”

“ಇವತ್ತ ಆಗೇನ್ರಿ ಯವ್ವಾ. ಒಂದ್ ವರ್ಷ ಕುರಿ ಬಿಟ್ಟು ಬರಾಕಾಗದ ನನ್ನ ಸ್ವಂತ ತಂಗೀನ್ನ ಕರಿಯಾಕ ಹೋಗಲಿಲ್ಲ. ಗಂಟು ಕಟ್ಕೊಂಡು ಬಾಗಲದಾಗ ಕುಂತಿದ್ಲಂತ. ಮುಂದಿನ ಪಂಚಮಿಗಿ ಆಕಿ ಉಳೀಲಿಲ್ಲ.”

ಅತ್ತೆ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಮುಂದೆ ಹದಿನೇಳು ಪಂಚಮಿ ಅವನು ತಪ್ಪಲಿಲ್ಲ. ಗಂಡ ಸತ್ತ ವರ್ಷ, ತನಗಿನ್ನೆಲ್ಲಿಯ ಹಬ್ಬವೆಂದು ಚನ್ನವ್ವ ಹಟ ಹಿಡಿದಾಗ, “ಅಣ್ಣ ಇನ್ನಾ ಬದುಕ್ಯಾನ, ಏಳ” ಎಂದು ಚೀಲ ಎತ್ತಿಕೊಂಡ.

ಈ ವರ್ಷ ಲಕ್ವಾ ಹೊಡೆದು ಅವನು ಹಾಸಿಗೆ ಹಿಡಿದ. ಪಂಚಮಿಗೆ ನಾಲ್ಕು ದಿನವಿರುವಾಗ ಫೋನಿನಲ್ಲಿ ತೊದಲುತ್ತ ಮಾತಾಡಿದ. ಅದೇ ಅವನ ಕಡೆಯ ಮಾತು: “ತಂಗೀ, ಈ ಸಲ ಕಾಲು ಏಳವಲ್ಲವು. ಕರಿಯಾಕ ಬರಲಿಲ್ಲಂತ ಸಿಟ್ಟಾಗಬ್ಯಾಡ. ನೀನ ಬರ್ತಿ ಏನವ್ವಾ?”